ನಾನೂರ ಹದಿನೇಳರ ತಾಯಿ

ದಾಕ್ಷಾಯಣಮ್ಮ ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಹಾಜರಿ ಕರೆದವಳು. ಮಕ್ಕಳು "ಪ್ರೆಸೆಂಟ್ ಮಿಸ್" ಅನ್ನುತ್ತಿದ್ದವು, ಇವಳು ಟಿಕ್ ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದಳು. ಆ ಎರಡು ಪದದೊಳಗೆ ಬೇರೆ ಏನಾದರೂ ಇರಬಹುದು ಅಂತ ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ಹೊಳೆಯೋದಾದರೂ ಹೇಗೆ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅರವತ್ತೆಂಟು ಹೆಸರು ಕರೆದು ಪಾಠವನ್ನೂ ಮುಗಿಸಬೇಕಾದವಳಿಗೆ? ಈಗ ಐವತ್ತೊಂದನೇ ವಯಸ್ಸಿನಲ್ಲಿ, ಡೆಪ್ಯುಟೇಶನ್ ಅಂತ ಹೇಳಿ ಎಳೆದು ತಂದು ಕೂರಿಸಿದ ಈ ಕುರ್ಚಿಯಲ್ಲಿ, ಅವಳು ಬೆಳಗಾದರೆ ಕೇಳೋದು ಅದೊಂದನ್ನೇ.

ಕುರ್ಚಿ ಇದ್ದದ್ದು ದಾವಣಗೆರೆಯ ಒಂದು ಹಳೆಯ ಹತ್ತಿ ಗೋದಾಮಿನ ಮೇಲಿನ ಮಹಡಿಯಲ್ಲಿ. ಬಾಗಿಲ ಮೇಲೆ 'ದನಿಗಾವಲು ಕೇಂದ್ರ' ಅಂತ ಬೋರ್ಡು. ಮೂರು ವರ್ಷದ ಹಿಂದೆ ಶುರುವಾದಾಗ ಆರು ಜನ ಕೇಳುಗರಿದ್ದರು. ಒಬ್ಬರು ವರ್ಗ ಮಾಡಿಸಿಕೊಂಡರು, ಒಬ್ಬರು ಬಿ.ಪಿ. ಅಂತ ರಜೆ ಹಾಕಿದವರು ತಿರುಗಿ ಬರಲಿಲ್ಲ, ಇನ್ನೊಬ್ಬರು ಹೇಳದೆ ಕೇಳದೆ ಬಿಟ್ಟರು. ದಾಕ್ಷಾಯಣಮ್ಮನೂ ಸೇರಿ ಉಳಿದ ಮೂವರಿಗೆ ಕೆಲಸ ದುಪ್ಪಟ್ಟಾಯಿತು. ಅವರೂ ಸಾಕಪ್ಪ ಅನ್ನೋದನ್ನ ಬಾಯಲ್ಲಿ ಹೇಳುವುದನ್ನೂ ಬಿಟ್ಟಿದ್ದರು.

ಯಂತ್ರದ ಸಂಗತಿ ಹೇಳಿಬಿಡುತ್ತೇನೆ, ಬಹಳ ಇಲ್ಲ. ಜಿಲ್ಲೆಯ ಪ್ರತಿ ತರಗತಿಯ ಮೇಜಿನ ಮೇಲೂ ಒಂದು ಪುಟ್ಟ ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು. ಹಾಜರಿ ಕರೆಯುವಾಗ ಅದು ಕಿವಿ ತೆರೆಯುತ್ತೆ, ಹಾಜರಿ ಮುಗಿದ ಕೂಡಲೇ ಮುಚ್ಚುತ್ತೆ. ಅದನ್ನು ಕಟ್ಟಿದ ಇಂಜಿನಿಯರ್ ಇಮ್ತಿಯಾಜ್ ಮೊದಲ ದಿನವೇ ವಿವರಿಸಿದ್ದ: "ಅಕ್ಕ, ಮನಸ್ಸು ಕುಗ್ಗಿದಾಗ ಮೊದಲು ಬಳಲೋದು ದನಿ. ಹೆಸರು ಕರೆದದ್ದಕ್ಕೂ ಉತ್ತರ ಬಂದದ್ದಕ್ಕೂ ನಡುವಿನ ಅಂತರ ಬೆಳೀತದೆ. ಮಾತಿಗೆ ಮುಂಚಿನ ಉಸಿರು ಚಿಕ್ಕದಾಗ್ತದೆ. ದನಿಯ ಏರಿಳಿತ ಸಪಾಟಾಗ್ತದೆ. ಒಂದು ದಿನ ನೋಡಿದ್ರೆ ಗೊತ್ತಾಗಲ್ಲ. ಆದ್ರೆ ಒಂದೇ ಮಗು, ಒಂದೇ ಮಾತು, ಒಂದೇ ಬೆಂಚು, ವಾರಕ್ಕೆ ಆರು ದಿನ. ಇಂಥ ಪರೀಕ್ಷೆ ಯಾವ ಆಸ್ಪತ್ರೆಯಲ್ಲಿ ಸಿಗ್ತದೆ ಹೇಳಿ." ಪೆಟ್ಟಿಗೆ ಒಂದು ಮಗುವನ್ನು ಇನ್ನೊಂದರ ಜೊತೆ ಹೋಲಿಸುವುದಿಲ್ಲ. ಮಗುವಿನ ನಿನ್ನೆಯ ಜೊತೆ ಇವತ್ತನ್ನು ಇಟ್ಟು ಒಂದು ಗೆರೆ ಎಳೆಯುತ್ತೆ. ಅದಕ್ಕೆ ದನಿಗೆರೆ ಅಂತ ಹೆಸರು. ಗೆರೆ ವಾರಗಟ್ಟಲೆ ಇಳಿಯುತ್ತ ಹೋದರೆ ಮಗು ಹಸಿರು ಪಟ್ಟಿಯಿಂದ ಹಳದಿಗೆ ಬರುತ್ತೆ, ಕೇಳುಗರ ಪರದೆಗೆ ಬರುತ್ತೆ. ಹೆಸರು ಕಾಣುವುದಿಲ್ಲ, ಬರೀ ಸಂಖ್ಯೆ; ಕರೆದ ಹೆಸರಿನ ಜಾಗದಲ್ಲೂ ಒಂದು ಬೀಪ್. ಕೇಳುಗರು ಆ ಅರೆಗಳಿಗೆಯ ದನಿಯನ್ನು ತಾವೂ ಕೇಳಬೇಕು, ಪೋಷಕರ ಮೊಬೈಲಿಗೆ ಮೆಸೇಜು ಬರೆಯಬೇಕು: ನಿಮ್ಮ ಮಗು ಮಂಕಾಗಿರುವಂತಿದೆ, ಬೈಯದೆ ಪಕ್ಕ ಕೂತು ಕೇಳಿ, ಹೀಗೆ. ಪೋಷಕರು ಏನು ಉತ್ತರ ಕೊಟ್ಟರು ಅನ್ನೋದನ್ನು ನೋಡಿ 'ಮನೆಯ ಆಸರೆ' ಅನ್ನುವ ಕಾಲಮ್ಮಿನಲ್ಲಿ ಐದಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಆಸರೆ ಕಡಿಮೆ ಇದ್ದು ಗೆರೆಯೂ ಇಳಿದರೆ ಕೆಂಪು. ಕೆಂಪಾದರೆ ಹೆಸರು, ವಿಳಾಸ ತೆರೆಯುತ್ತೆ, ಆರೋಗ್ಯ ಕಾರ್ಯಕರ್ತೆ ಮನೆಗೆ ಹೋಗುತ್ತಾಳೆ, ಆಸ್ಪತ್ರೆಯ ಆಪ್ತಸಲಹೆಗೆ ಕರೆದೊಯ್ಯುತ್ತಾಳೆ. ಆ ಕಾರ್ಯಕರ್ತೆಯರೂ ಬೆರಳೆಣಿಕೆ, ಅದಕ್ಕೇ ಈ ಸೋಸುವಿಕೆ.

ಪೋಷಕರ ಉತ್ತರಗಳ ಬಗ್ಗೆ ದಾಕ್ಷಾಯಣಮ್ಮನನ್ನು ಕೇಳಬಾರದು. ಅರ್ಧಕ್ಕರ್ಧ ಜನ ಉತ್ತರವನ್ನೇ ಕೊಡುತ್ತಿರಲಿಲ್ಲ. ಕೊಟ್ಟವರಲ್ಲಿ "ಯಾರ್ರೀ ನೀವು", "ನಮ್ಮ ಹುಡುಗನಿಗೆ ಹುಚ್ಚು ಅಂತೀರಾ", "ಓದೋಕೆ ಸೋಮಾರಿತನ, ಎರಡು ಬಿಟ್ರೆ ಸರಿಹೋಗ್ತಾನೆ". ಇನ್ನು ಕೆಲವರು ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಿದ್ದರು. ಅವಳು ಎಲ್ಲದಕ್ಕೂ ನಮಸ್ಕಾರ ಅಂತ ಶುರುಮಾಡಿ ಮತ್ತೆ ಮತ್ತೆ ಬರೆಯುತ್ತಿದ್ದಳು. ಬರೆದು ಬರೆದು ಅವಳ ಬಲಗೈ ಹೆಬ್ಬೆರಳು ಊದಿಕೊಂಡಿತ್ತು.

ಆ ಪಟ್ಟಿಯಲ್ಲಿ ಒಬ್ಬಳು ತಾಯಿ ಮಾತ್ರ ಬೇರೆ. ನಾನೂರ ಹದಿನೇಳರ ತಾಯಿ.

ನಾನೂರ ಹದಿನೇಳು ಅಂದರೆ ಎರಡನೇ ಪಿಯುಸಿಯ ಹುಡುಗಿ, ಅಷ್ಟು ಮಾತ್ರ ಗೊತ್ತು. ಜುಲೈನಲ್ಲಿ ಹಳದಿಗೆ ಬಂದಳು. ದಾಕ್ಷಾಯಣಮ್ಮ ಎಂದಿನ ಮೆಸೇಜು ಕಳಿಸಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ನನಗೂ ಅನುಮಾನ ಇತ್ತು. ಮಂಡಕ್ಕಿ ಭಟ್ಟಿಯಲ್ಲಿ ನನ್ನ ಕೆಲಸ, ಬಂದ ಮೇಲೆ ಅವಳ ಪಕ್ಕ ಕೂತು ಕೇಳ್ತೀನಿ. ಬೈಯಲ್ಲ." ಆ ಕೊನೆಯ ಒಂದು ಮಾತನ್ನು ದಾಕ್ಷಾಯಣಮ್ಮ ಎರಡು ಸಲ ಓದಿದಳು. ಮೂರು ವರ್ಷದಲ್ಲಿ ಯಾವ ತಾಯಿಯೂ ಹಾಗೆ ಬರೆದಿರಲಿಲ್ಲ. ಆಸರೆ ಕಾಲಮ್ಮಿನಲ್ಲಿ ಐದು ಹಾಕಿದಳು.

ಆಮೇಲೆ ವಾರಕ್ಕೆ ಎರಡು ಸಲ, ಮೂರು ಸಲ ಬರತೊಡಗಿತು. "ಇವತ್ತು ತಲೆಗೆ ಎಣ್ಣೆ ಹಚ್ಚಿದೆ. ಏನೂ ಮಾತಾಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ." "ನಿದ್ದೆ ಬರಲ್ಲ ಅಂದಳು. ಹೋಗಲಿ ಬಿಡು, ಬರದಿದ್ರೆ ಬರದೇ ಇರಲಿ, ನಾನೂ ಎದ್ದು ಕೂರ್ತೀನಿ ಅಂದೆ." "ಯಾಕೆ ಹೀಗೆ ಅಂತ ಕೇಳಿದೆ. ಕಾರಣ ಇಲ್ಲ ಅಂದಳು, ಕಾರಣ ಇಲ್ಲದ್ದಕ್ಕೇ ಅವಳಿಗೆ ನಾಚಿಕೆ. ಜ್ವರ ಬಂದವರನ್ನ ಯಾರಾದರೂ ಕಾರಣ ಕೇಳ್ತಾರಾ ಅಂದೆ." ಪ್ರತಿ ಸಲವೂ ದಾಕ್ಷಾಯಣಮ್ಮ ಐದು ಹಾಕಿದಳು. ಆಸ್ಪತ್ರೆಗೊಮ್ಮೆ ತೋರಿಸಿ ಅಂತ ಬರೆದಾಗ ಮಾತ್ರ "ಕೇಳಿ ನೋಡ್ತೀನಿ ಮೇಡಂ" ಅಂತ ಜಾರಿಕೊಳ್ಳುತ್ತಿದ್ದಳು. ಪಾಪ, ಭಟ್ಟಿಗೆ ರಜೆ ಸಿಗಬೇಕಲ್ಲ ಅಂತ ಇವಳೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ಮೆಸೇಜುಗಳು ಹುಡುಗಿಗಿಂತ ಹೆಚ್ಚಾಗಿ ದಾಕ್ಷಾಯಣಮ್ಮನಿಗೇ ಬೇಕಾಗಿದ್ದವು. ಇನ್ನೂರು ಗೋಡೆಗೆ ತಲೆ ಚಚ್ಚಿಕೊಂಡ ಮೇಲೆ ಒಂದು ಬಾಗಿಲು ತೆರೆದ ಹಾಗಿತ್ತು. ದಸರಾ ರಜೆಗೆ ಮುಂಚೆ ಒಂದು ದಿನ ನಿಯಮ ಮೀರಿ ಅವಳು ಬರೆದೂಬಿಟ್ಟಳು: "ನಿಮ್ಮಂಥ ತಾಯಿ ಎಲ್ಲ ಮಕ್ಕಳಿಗೂ ಇದ್ದಿದ್ದರೆ ನನ್ನ ಕೆಲಸವೇ ಇರುತ್ತಿರಲಿಲ್ಲ." ಅದಕ್ಕೆ ಉತ್ತರ ಬರಲು ಎರಡು ದಿನ ಹಿಡಿಯಿತು. "ಹಾಗೇನಿಲ್ಲ ಮೇಡಂ. ನೀವು ಊಟ ಮಾಡಿದಿರಾ?" ಅಂತ ಬಂತು.

ಮನೆಯಲ್ಲಿ ಗಂಡ ತಿಪ್ಪೇಸ್ವಾಮಿ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಈಗ ಅಡುಗೆಮನೆ ಅವನದೇ. ಸಂಜೆ ಅವಳು ಬಂದು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತರೆ ಅವನು ಮೆಣಸಿನಕಾಯಿ ಮಂಡಕ್ಕಿ ತಂದು ಮುಂದಿಡುತ್ತಿದ್ದ.

"ಬಂದ್ರಾ ಮೇಡಂ. ಊರಿನ ಮಕ್ಕಳ ದನಿಯೆಲ್ಲ ಕೇಳಿ ಬರ್ತೀಯ, ಮನೆಗೆ ಬಂದ್ರೆ ನಿನ್ನ ದನೀನೇ ಇಲ್ಲ. ನಮ್ಮನೆಗೂ ಒಂದು ಪೆಟ್ಟಿಗೆ ತಂದಿಡು, ನಿನ್ನ ಗೆರೆ ಎಲ್ಲಿಗಿಳಿದೈತೆ ನೋಡಾಣ."

"ಸುಮ್ನಿರ್ರೀ."

"ನೋಡು, ಎರಡು ಪದ ಬಂತು. ಹಳದಿ ಅಂತ ಬರ್ಕೋತೀನಿ."

ಅವಳು ನಕ್ಕಳು. ಫೋನು ತೆಗೆದು ನಾನೂರ ಹದಿನೇಳರ ತಾಯಿಯ ಮಾತು ಓದಿ ಹೇಳಿದಳು, ಎಣ್ಣೆ ಹಚ್ಚಿದ್ದು, ಜ್ವರದ ಮಾತು, ಎಲ್ಲ. ಅವನು ಮಂಡಕ್ಕಿ ಮೆಲ್ಲುತ್ತಲೇ ಕೇಳಿಸಿಕೊಂಡ.

"ಭಟ್ಟಿ ಕೆಲಸದವಳು ಅಂದ್ಯಾ? ನನ್ನ ಮೊದಲನೇ ಟ್ರಿಪ್ಪಿಗೆ ಭಟ್ಟಿ ಹೆಂಗಸ್ರು ಹತ್ತೋರು. ನಾಲ್ಕೂವರೆಗೆ. ಕಂಬ ಹಿಡ್ಕೊಂಡು ನಿಂತಲ್ಲೇ ನಿದ್ದೆ ಮಾಡೋರು ಕಣೆ, ಟಿಕೆಟ್ ಕೊಡೋಕೆ ನಾನೇ ಎಬ್ಬಿಸ್ಬೇಕಿತ್ತು. ಆ ಹೆಂಗಸು ಹೊಗೆ ಕುಡಿದು ಬಂದು, ಎಣ್ಣೆ ಹಚ್ಚಿ, ಇಷ್ಟುದ್ದ ಕೂತು ಬರೀತಾಳಾ?"

"ಯಾಕೆ, ಬಡವರಿಗೆ ಬರೆಯೋಕೆ ಬರಬಾರದಾ?"

"ನಾನು ಹಂಗೆಲ್ಲಿ ಅಂದೆ ಮಾರಾಯ್ತಿ. ಇಷ್ಟು ಚಂದ ನೋಡ್ಕೊಳ್ಳೋ ತಾಯಿ ಇದ್ರೂ ಆ ಮಗು ಯಾಕೆ ಸುಧಾರಿಸ್ತಿಲ್ಲ ಅಂದೆ ಅಷ್ಟೆ."

"ಕಾಯಿಲೆ ಅಂದ್ರೆ ಹಾಗೇ ರೀ. ನಿಧಾನ." ಅವಳು ಸಿಡುಕಿದಳು. ಆ ಪ್ರಶ್ನೆ ಅವಳಿಗೂ ಬಂದಿತ್ತು, ಅದಕ್ಕೇ ಸಿಡುಕಿದ್ದು. ಗೆರೆ ಜುಲೈಯಿಂದ ನವೆಂಬರದವರೆಗೆ ಒಂದೇ ಸಮನೆ ಇಳಿದಿತ್ತು. ಐದು ಅಂಕ ಇಲ್ಲದಿದ್ದರೆ ಆಗಸ್ಟಿನಲ್ಲೇ ಆ ಹುಡುಗಿ ಕೆಂಪಾಗಬೇಕಿತ್ತು.

ನವೆಂಬರದ ಕೊನೆಯ ಶನಿವಾರ. ಅರ್ಧ ದಿನದ ಕಾಲೇಜು, ಎಂಟಕ್ಕೇ ಹಾಜರಿ. ಒಂಬತ್ತೂವರೆಗೆ ಇಮ್ತಿಯಾಜ್ ತನ್ನ ಮೂಲೆಯಿಂದ ಕೂಗಿದ: "ಅಕ್ಕ, ಒಂದು ಸಿಹಿಸುದ್ದಿ. ನಿಮ್ಮ ನಾನೂರ ಹದಿನೇಳು ಹಸಿರಿಗೆ ಹೋಯ್ತು."

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಗುರುವಾರದವರೆಗೆ ನೆಲಕಚ್ಚಿದ್ದ ಗೆರೆ ಶುಕ್ರವಾರ ಎದ್ದಿತ್ತು, ಇವತ್ತು ಇನ್ನೂ ಮೇಲೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. "ಪ್ರೆಸೆಂಟ್ ಮಿಸ್." ಹೆಸರು ಕರೆದ ಕೂಡಲೇ ಬಂದ ದನಿ, ಹಗುರಾದ ದನಿ. ನಾಲ್ಕು ತಿಂಗಳಿಂದ ದಿನಾ ಕೇಳಿದ್ದಳು. ಆ 'ಪ್ರೆ'ಯ ಮುಂಚೆ ಸಿಕ್ಕಿಕೊಳ್ಳುವ ಉಸಿರು, ಕೊನೆಯಲ್ಲಿ ಒಣಗಿಹೋಗುವ 'ಮಿಸ್', ಅವಳಿಗೆ ತನ್ನ ಮನೆಯ ಗೇಟಿನ ಸದ್ದಿನಷ್ಟು ಪರಿಚಯ. ಇವತ್ತು ಯಾವುದೂ ಸಿಕ್ಕಿಕೊಂಡಿರಲಿಲ್ಲ.

ಒಬ್ಬಳಾದರೂ ದಡ ಸೇರಿದಳಲ್ಲ ಅನ್ನಿಸಿತು. ಅವಳು ಕಾಲು ಚಾಚಿ, ಬೆನ್ನು ಕುರ್ಚಿಗೆ ಆನಿಸಿ, ಬಹಳ ದಿನದ ಮೇಲೆ ಟೀ ಬಿಸಿಯಿರುವಾಗಲೇ ಕುಡಿದಳು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮೆಸೇಜು ಬಂತು.

"ಮೇಡಂ, ಮಗಳು ಈಗ ಆರಾಮಾಗಿದ್ದಾಳೆ. ಇನ್ನು ಮೇಲೆ ನಿಮಗೆ ತೊಂದರೆ ಕೊಡಲ್ಲ. ನೀವು ಬರೀತಿದ್ದದ್ದನ್ನ ಓದೋಕೆ ನನಗೆ ತುಂಬ ಇಷ್ಟ ಆಗ್ತಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನೀವು ಒಳ್ಳೆಯವರು."

ಅವಳು ಓದಿ ಮುಗುಳ್ನಕ್ಕಳು. ಫೋನು ಕೆಳಗಿಟ್ಟಳು. ಮರುಗಳಿಗೆಯೇ ಮತ್ತೆ ಎತ್ತಿಕೊಂಡು ಮೊದಲಿಂದ ಓದಿದಳು.

ತರಬೇತಿಯಲ್ಲಿ ಒಬ್ಬ ಡಾಕ್ಟರು ಹೇಳಿದ್ದರು: ಬಹಳ ದಿನ ಕುಗ್ಗಿದ್ದ ಮಗು ಒಮ್ಮೆಲೇ ಶಾಂತವಾದರೆ, ಎಲ್ಲರಿಗೂ ಥ್ಯಾಂಕ್ಸ್ ಹೇಳೋಕೆ ಶುರುಮಾಡಿದರೆ, ಗುಣವಾಯಿತು ಅಂತ ತಿಳಿಯಬೇಡಿ. ಹತ್ತಿರ ಹೋಗಿ, ನೇರವಾಗಿ ಕೇಳಿ, ಒಂಟಿಯಾಗಿ ಬಿಡಬೇಡಿ. ಪೆಟ್ಟಿಗೆಗೆ ಇಳಿಯೋದು ಮಾತ್ರ ಕಲಿಸಿದ್ದರು, ಏರೋದರ ಬಗ್ಗೆ ಯಾರೂ ಕಲಿಸಿರಲಿಲ್ಲ. ಅವಳ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಮೂವತ್ತೊಂದನೇ ನಂಬರಿನ ಮುಂದೆ ಹದಿನಾಲ್ಕನೇ ತಾರೀಖಿನವರೆಗೆ ಟಿಕ್ ಇತ್ತು, ಆಮೇಲೆ ಖಾಲಿ. ಆ ಹುಡುಗನೂ ಕೊನೆಯ ದಿನ ನಗುನಗುತ್ತಾ ಅವಳಿಗೆ ಪುಸ್ತಕ ವಾಪಸ್ ಕೊಟ್ಟು ಹೋಗಿದ್ದ.

ತಾಯಿಗೆ ಎಚ್ಚರಿಕೆ ಹೇಳಬೇಕು, ಮಗಳ ಬಳಿಯಿಂದ ಕದಲಬೇಡಿ ಅನ್ನಬೇಕು. ಕೆಂಪಲ್ಲದವರಿಗೆ ಫೋನ್ ಮಾಡುವಂತಿಲ್ಲ ಅಂತ ನಿಯಮ. ಹಾಳಾಗಿ ಹೋಗಲಿ ನಿಯಮ ಅಂತ ಅವಳು ಆ ನಂಬರಿಗೆ ಫೋನ್ ಮಾಡಿದಳು. ಆರನೇ ರಿಂಗಿಗೆ ಎತ್ತಿದರು.

"ಹಲೋ."

ಒಂದೇ ಪದ. ಆ ಪದಕ್ಕೆ ಮುಂಚೆ ಸಿಕ್ಕಿಕೊಂಡ ಉಸಿರು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಕೇಳಿದ ಉಸಿರು ಅದೇ. ಎಣ್ಣೆ ಹಚ್ಚಿದ ತಾಯಿ, ಎದ್ದು ಕೂತ ತಾಯಿ, ಬೈಯದ ತಾಯಿ, ಅಂಥ ತಾಯಿ ಎಲ್ಲೂ ಇರಲಿಲ್ಲ. ಕಾಲೇಜಿನ ಅರ್ಜಿಯಲ್ಲಿ 'ಪೋಷಕರ ಮೊಬೈಲ್' ಅನ್ನುವ ಜಾಗದಲ್ಲಿ ಹುಡುಗಿ ತನ್ನದೇ ನಂಬರ್ ತುಂಬಿದ್ದಳು. ಎಷ್ಟೋ ಮಕ್ಕಳು ಹಾಗೇ ತುಂಬುತ್ತವೆ, ಇವಳು ಟೀಚರಾಗಿದ್ದಾಗಲೇ ನೂರಾರು ಅರ್ಜಿಯಲ್ಲಿ ನೋಡಿದ್ದಾಳೆ. ಅಪ್ಪ ಅಮ್ಮನ ಬಳಿ ಇರೋದು ಬಟನ್ ಫೋನು, ಹೋಂವರ್ಕು, ಓಟಿಪಿ, ನೋಟೀಸು ಎಲ್ಲ ಬರೋದು ಮಗುವಿನ ಫೋನಿಗೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾಲ್ಕು ತಿಂಗಳು ದನಿಗಾವಲು ಕೇಂದ್ರ ಆ ಹುಡುಗಿಗೇ ಬರೆದಿತ್ತು, ನಿಮ್ಮ ಮಗಳು ಕುಗ್ಗಿದ್ದಾಳೆ, ಪಕ್ಕ ಕೂತುಕೊಳ್ಳಿ ಅಂತ. ಹುಡುಗಿ ತನಗೆ ಬೇಕಾದ ತಾಯಿಯನ್ನು ತಾನೇ ಬರೆದು ಕಳಿಸಿದ್ದಳು. ಅದಕ್ಕೆ ದಾಕ್ಷಾಯಣಮ್ಮ ಐದಕ್ಕೆ ಐದು ಹಾಕಿ, ಬರಬೇಕಾದ ಸಹಾಯವನ್ನು ಬಾಗಿಲಲ್ಲೇ ತಡೆದಿದ್ದಳು.

"ಹಲೋ, ಯಾರು?" ಅಂತು ದನಿ.

ಏನು ಹೇಳಬೇಕು? ನೀನು ತಾಯಿ ಅಲ್ಲ, ಸಿಕ್ಕಿಬಿದ್ದೆ ಅಂದರೆ ಫೋನು ಕಟ್ಟಾಗುತ್ತೆ, ಆಮೇಲೆ ಯಾರಿಗೂ ಎತ್ತುವುದಿಲ್ಲ. ದಾಕ್ಷಾಯಣಮ್ಮ ದನಿಯನ್ನು ಸಮ ಮಾಡಿಕೊಂಡಳು.

"ನಾನಮ್ಮ, ದನಿಗಾವಲಿಂದ. ದಿನಾ ಬರೀತಿದ್ನಲ್ಲ, ಅವಳೇ. ಮಗಳ ತಾಯಿಯಲ್ವಾ ಮಾತಾಡ್ತಿರೋದು?"

"ಹೌದು ಮೇಡಂ."

"ನಿಮ್ಮ ಜೊತೆ ಎರಡು ಮಾತಾಡಬೇಕಿತ್ತು. ಪುರಸೊತ್ತಿದೆಯಾ?"

"ಹೂಂ."

ಅವಳು ಎಡಗೈಯಲ್ಲಿ ಒಂದು ಚೀಟಿ ಎಳೆದು ಗೀಚಿದಳು: *ಇದು ತಾಯಿ ಅಲ್ಲ. ಮಗು. ಒಂಟಿ. ೪೧೭ ವಿಳಾಸ ತೆಗಿ. ತಾಯಿ ಮಂಡಕ್ಕಿ ಭಟ್ಟಿ. ಓಡು.* ಇಮ್ತಿಯಾಜ್ ಓದಿದ. ಹೆಸರು, ವಿಳಾಸದ ಬೀಗ ತೆರೆಯೋಕೆ ಮೇಲಿನವರ ಅನುಮತಿ ಬೇಕಿತ್ತು. ಅವನು ಕೇಳಲಿಲ್ಲ. ಒಂದು ನಿಮಿಷದಲ್ಲಿ ಚೀಟಿಯ ಕೆಳಗೆ ಬರೆದು ತೋರಿಸಿದ: *ಬಿಂದುಶ್ರೀ. ತಾಯಿ ಕೊಟ್ರಮ್ಮ. ಭಟ್ಟಿ ವಿಳಾಸವೂ ಇದೆ.* ಬೈಕಿನ ಕೀಲಿ ಹಿಡಿದು, ಆರೋಗ್ಯ ಕಾರ್ಯಕರ್ತೆಗೆ ಫೋನ್ ಮಾಡುತ್ತಲೇ ಮೆಟ್ಟಿಲಿಳಿದ.

"ನಿಮ್ಮ ಮಗಳ ಬಗ್ಗೆ ಒಂದು ಮಾತು ನೇರವಾಗಿ ಕೇಳ್ತೀನಿ," ಅಂದಳು ದಾಕ್ಷಾಯಣಮ್ಮ. "ಬೇಜಾರು ಮಾಡ್ಕೋಬೇಡಿ. ಸಾಯಬೇಕು ಅಂತ ಅವಳಿಗೆ ಅನ್ನಿಸ್ತಿದೆಯಾ?"

ಆ ಕಡೆ ಉಸಿರು ಮಾತ್ರ. ಅವಳು ಕಾದಳು. ಮೂರು ವರ್ಷ ಕಾಯೋದನ್ನೇ ಕಲಿತಿದ್ದಳು.

"ಹೂಂ," ಅಂತು ದನಿ.

"ಇವತ್ತಾ?"

"ಹೂಂ."

"ಹೇಳಿದ್ದು ಒಳ್ಳೇದಾಯ್ತು. ಹೇಳೋದು ಕಷ್ಟ, ನನಗೆ ಗೊತ್ತು. ಈಗ ಅವಳ ಹತ್ತಿರ ಯಾರಿದ್ದಾರೆ?"

"ನಾನಿದೀನಲ್ಲ ಮೇಡಂ."

ದಾಕ್ಷಾಯಣಮ್ಮನಿಗೆ ಅಳು ನುಗ್ಗಿ ಬಂತು. ಅಳುವ ಹೊತ್ತಲ್ಲ ಅಂತ ಕೆಳತುಟಿ ಕಚ್ಚಿ ಹಿಡಿದಳು. "ನೀವಿದೀರ, ಸರಿ. ಆದ್ರೆ ನೀವೂ ದಣಿದಿದೀರ. ಒಬ್ಬರೇ ಆಗಲ್ಲ. ಒಂದು ಕೆಲಸ ಮಾಡೋಣ. ಅವಳನ್ನ ಕರ್ಕೊಂಡು ಒಳಗಿಂದ ಎದ್ದು ಹೊರಗೆ ಬನ್ನಿ. ಮನೆ ಮುಂದೆ ಕಟ್ಟೆ ಇದೆಯಾ?"

"ಇದೆ."

"ಕಟ್ಟೆ ಮೇಲೆ ಕೂತ್ಕೊಳ್ಳಿ. ಫೋನ್ ಇಡಬೇಡಿ. ನಾನು ಇಲ್ಲೇ ಇರ್ತೀನಿ."

ಚಿಲಕ ತೆಗೆದ ಸದ್ದು. ಆಮೇಲೆ ಬೀದಿಯ ಸದ್ದು, ನಲ್ಲಿ ನೀರು ಕೊಡಕ್ಕೆ ಬೀಳುವುದು, ಒಂದು ಸ್ಕೂಟರ್, ಯಾರೋ ಹೆಂಗಸು ಯಾರಿಗೋ ಬೈಯುತ್ತಿರುವುದು. ಅಷ್ಟು ಚೆಂದದ ಬೈಗುಳವನ್ನು ದಾಕ್ಷಾಯಣಮ್ಮ ಜೀವಮಾನದಲ್ಲಿ ಕೇಳಿರಲಿಲ್ಲ.

"ಕೂತ್ರಾ?"

"ಕೂತೆ. ಕೂತ್ವಿ."

"ಬಿಸಿಲಿದೆಯಾ?"

"ಅರ್ಧ ನೆರಳಿದೆ."

"ಅವಳು ಇದನ್ನ ಯಾರ ಹತ್ರ ಹೇಳ್ಕೊಂಡಿದ್ದಾಳೆ?"

"ಯಾರ ಹತ್ರಾನೂ ಇಲ್ಲ."

"ಅಮ್ಮನ ಹತ್ರ ಹೇಳೋಕೆ ಏನು ಅಡ್ಡಿ ಅವಳಿಗೆ?"

"ಅಮ್ಮ ಅಂದ್ರೆ... ನಾನು ನಾಲ್ಕಕ್ಕೆ ಎದ್ದು ಹೋಗ್ತೀನಿ ಮೇಡಂ. ಎರಡೂವರೆಗೆ ಬರ್ತೀನಿ. ಕೆಮ್ಮು. ಬಂದು ಹಂಗೇ ಚಾಪೆ ಮೇಲೆ ಬಿದ್ಕೋತೀನಿ, ಕಣ್ಣೆಲ್ಲ ಕೆಂಪಗಿರ್ತದೆ. ಅವಳಿಗೆ ಎಬ್ಬಿಸೋಕೆ ಮನಸ್ಸು ಬರಲ್ಲ. ಏನಂತ ಎಬ್ಬಿಸ್ತಾಳೆ? ಏನೂ ಆಗಿಲ್ಲವಲ್ಲ. ಫೇಲಾಗಿಲ್ಲ, ಯಾರೂ ಏನೂ ಅಂದಿಲ್ಲ. ಸುಮ್ನೆ ಎಲ್ಲ ಭಾರ ಆಗ್ತದೆ. ಇಷ್ಟಕ್ಕೆ ಎಬ್ಬಿಸ್ತಾರಾ?"

"ಎಬ್ಬಿಸ್ಬೇಕಮ್ಮ. ಇಷ್ಟಕ್ಕೇ ಎಬ್ಬಿಸ್ಬೇಕು. ನೀವೇ ಬರೆದಿದ್ರಲ್ಲ, ಜ್ವರ ಬಂದೋರನ್ನ ಯಾರೂ ಕಾರಣ ಕೇಳಲ್ಲ ಅಂತ. ಇದೂ ಕಾಯಿಲೆ. ಇದಕ್ಕೂ ಔಷಧಿ ಇದೆ, ಡಾಕ್ಟರಿದಾರೆ, ಗುಣ ಆಗ್ತದೆ. ನಿಧಾನಕ್ಕೆ, ಆದ್ರೆ ಆಗ್ತದೆ."

ದನಿ ಬಿಕ್ಕಿತು. "ನಾನು ಬರೆದದ್ದೆಲ್ಲ..." ಅಂತ ಶುರುಮಾಡಿ ನಿಲ್ಲಿಸಿತು.

"ಚೆನ್ನಾಗಿ ಬರೆದಿದ್ರಿ," ಅಂದಳು ದಾಕ್ಷಾಯಣಮ್ಮ. "ನಾನು ದಿನಾ ಕಾಯ್ತಿದ್ದೆ."

ಹೀಗೇ ಇಪ್ಪತ್ತೇಳು ನಿಮಿಷ. ಏನೇನು ಮಾತಾಡಿದಳೋ ಆಮೇಲೆ ಅವಳಿಗೇ ನೆನಪಿರಲಿಲ್ಲ. ಎದುರು ಮನೆಯ ಬಾಗಿಲಿಗೆ ಯಾವ ಬಣ್ಣ ಅಂತ ಕೇಳಿದ್ದಳು, ತನ್ನ ಗಂಡ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಹೇಳಿದ್ದಳು. ಆ ಕಡೆಯಿಂದ ಒಮ್ಮೆ ನಗುವಿನಂಥದ್ದು ಕೇಳಿತ್ತು. ಆಮೇಲೆ ಬೈಕು ನಿಂತ ಸದ್ದು, ಅದರ ಹಿಂದೆಯೇ ಒಂದು ಕೆಮ್ಮು, ಹೊಗೆಗೆ ಒರಟಾದ ಹೆಂಗಸಿನ ದನಿ.

"ಯಾಕ ಬಿಸಿಲಾಗ ಕುಂತಿ? ಈ ಹುಡುಗ ಏನೇನೋ ಹೇಳ್ತಾನ. ಏನಾತು ನಿಂಗ?"

"ಬಿಂದು," ಅಂದಳು ದಾಕ್ಷಾಯಣಮ್ಮ, ಮೊದಲ ಸಲ ಹೆಸರು ಹಿಡಿದು. "ಫೋನು ಅಮ್ಮನ ಕೈಗೆ ಕೊಡಮ್ಮ."

ಆಗ ಹುಡುಗಿ ಅತ್ತಳು. ನಾಲ್ಕು ತಿಂಗಳು ದೊಡ್ಡವಳಾಗಿದ್ದವಳು ಐದು ವರ್ಷದ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು. ಫೋನು ಕೈ ಬದಲಾಯಿಸಿತು.

"ಯಾರ್ರೀ ಮೇಡಮ್ಮಾರೆ? ನಾನು ಕೊಟ್ರಮ್ಮ ಮಾತಾಡಾದು. ಯಾಕ ಅಳಾಕತ್ತಾಳ ನನ್ನ ಮಗಳು?"

ದಾಕ್ಷಾಯಣಮ್ಮ ಹೇಳಿದಳು. ಸುತ್ತಿ ಬಳಸದೆ, ಮೆಲ್ಲಗೆ, ಎಲ್ಲ ಹೇಳಿದಳು. ಇವತ್ತು ಒಂದು ಗಳಿಗೆಯೂ ಒಂಟಿ ಬಿಡಬಾರದು, ಕಾರ್ಯಕರ್ತೆ ಬರ್ತಿದ್ದಾಳೆ, ಆಸ್ಪತ್ರೆಗೆ ನೀವೂ ಜೊತೆಗೆ ಹೋಗಬೇಕು ಅಂದಳು. ಕೊಟ್ರಮ್ಮ ನಡುವೆ ಒಮ್ಮೆ ಮಾತ್ರ ಮಾತಾಡಿದಳು.

"ನಂಗ ಯಾರೂ ಹೇಳ್ಲಿಲ್ಲಲ್ರೀ."

"ನಾಲ್ಕು ತಿಂಗಳಿಂದ ಹೇಳ್ತಾನೇ ಇದ್ದೆ ಕೊಟ್ರಮ್ಮ. ನಿಮಗೆ ಅಂತ ತಿಳ್ಕೊಂಡು ಅವಳಿಗೇ ಹೇಳ್ತಿದ್ದೆ. ತಪ್ಪು ನಂದು. ಒಂದು ಸಲ ನಿಮ್ಮ ದನಿ ಕೇಳ್ಬೇಕಿತ್ತು."

ಆ ಕಡೆ ಮಗಳನ್ನು ಎಳೆದು ಮಗ್ಗುಲಿಗೆ ಕೂರಿಸಿಕೊಂಡ ಬಳೆಯ ಸದ್ದು ಕೇಳಿತು.

ಸಂಜೆ ತಿಪ್ಪೇಸ್ವಾಮಿ ಮಂಡಕ್ಕಿ ತಂದಿಟ್ಟ. ಅವಳು ಒಂದು ಹಿಡಿ ತೆಗೆದುಕೊಂಡವಳು ಬಾಯಿಗೆ ಹಾಕದೆ ನೋಡುತ್ತಾ ಕೂತಳು. ಅವನು ಇವತ್ತು ತಮಾಷೆ ಮಾಡಲಿಲ್ಲ. ಅವಳೇ ಎಲ್ಲ ಹೇಳಿದ ಮೇಲೆ, "ನೀನು ಫೋನ್ ಮಾಡಿದ್ಯಲ್ಲ" ಅಂದ.

"ನೀವು ಕೇಳಿದ ದಿನವೇ ಮಾಡ್ಬೇಕಿತ್ತು ರೀ. ನನಗೆ ಆ ತಾಯಿ ನಿಜ ಆಗಿರಲಿ ಅಂತ ಆಸೆ ಇತ್ತು. ಅದಕ್ಕೇ ಮಾಡಲಿಲ್ಲ."

ಅವನು ಅವಳ ಚಪ್ಪಲಿ ತೆಗೆದು ಗೋಡೆಗೆ ಒರಗಿಸಿಟ್ಟ. ಅವಳು ಮಂಡಕ್ಕಿ ತಿಂದಳು.

ಸೋಮವಾರ ಇಮ್ತಿಯಾಜ್ ಮೂವರು ಕೇಳುಗರ ಹಳದಿ ಪಟ್ಟಿಯನ್ನೂ ತೆಗೆದು ಕೂತ. ದಾಕ್ಷಾಯಣಮ್ಮನ ಪಟ್ಟಿಯಲ್ಲಿ ಇನ್ನೂರ ಮೂರು ಮಕ್ಕಳು. ನೂರ ಹದಿನಾರು ಪೋಷಕರ ನಂಬರು ಮಕ್ಕಳದೇ. ಗುಲಾಬಿ ಹೂವು, ಶುಭೋದಯ, "ಎರಡು ಬಿಟ್ರೆ ಸರಿಹೋಗ್ತಾನೆ", ಇದರಲ್ಲಿ ಎಷ್ಟನ್ನು ಮಕ್ಕಳೇ ಬರೆದಿದ್ದರೋ ದೇವರಿಗೇ ಗೊತ್ತು. ಅವನು ತಲೆ ಮೇಲೆ ಕೈಯಿಟ್ಟುಕೊಂಡ. "ನಾಲ್ಕು ವರ್ಷ ಯಂತ್ರದ ಕಿವಿ ತಿದ್ದಿದೆ ಅಕ್ಕ. ಅರ್ಜಿಯ ಒಂದು ಸಾಲು ನೋಡಲಿಲ್ಲ." ಇನ್ನು ಮೇಲೆ ಪ್ರತಿ ಮನೆಯ ದೊಡ್ಡವರ ದನಿಯನ್ನು ಕಿವಿಯಾರೆ ಕೇಳದೆ ಆಸರೆಯ ಅಂಕ ಹಾಕುವಂತಿಲ್ಲ ಅಂತಾಯಿತು. ಹಾಕುವವರು ಅದೇ ಮೂವರು. ದಾಕ್ಷಾಯಣಮ್ಮ ಪಟ್ಟಿಯ ಮೊದಲ ಸಂಖ್ಯೆಯಿಂದ ಶುರುಮಾಡಿದಳು.

ಬಿಂದುಶ್ರೀ ಎರಡು ವಾರ ಬಿಟ್ಟು ಕಾಲೇಜಿಗೆ ಹೋದಳು. ಮಾತ್ರೆ ಶುರುವಾಗಿತ್ತು, ವಾರಕ್ಕೊಮ್ಮೆ ಆಪ್ತಸಲಹೆ. ಆ ಬೆಳಿಗ್ಗೆ ದಾಕ್ಷಾಯಣಮ್ಮ ಹೆಡ್‌ಫೋನ್ ಹಾಕಿಕೊಂಡು ಕಾದಳು. ಹೆಸರು ಕರೆದ ಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ "ಪ್ರೆಸೆಂಟ್ ಮಿಸ್" ಬಂತು. ತಡವಾಗಿ ಬಂತು, ಸಣ್ಣಗೆ ಬಂತು, ಉಸಿರು ಸಿಕ್ಕಿಕೊಂಡೇ ಬಂತು. ಪರದೆ ಕೆಂಪು ತೋರಿಸಿತು. ಅವಳು ಕೆಂಪನ್ನು ಹಾಗೇ ಬಿಟ್ಟಳು.

ಮೂರು ಗಂಟೆಗೆ ಫೋನು. ಕೊಟ್ರಮ್ಮನ ಬಟನ್ ಫೋನಿನಿಂದ, ದಿನಾ ಅದೇ ಹೊತ್ತಿಗೆ.

"ಮೇಡಮ್ಮಾರೆ, ಒಂದೂವರೆ ರೊಟ್ಟಿ ತಿಂದ್ಲು. ಪಲ್ಯ ಮುಟ್ಲಿಲ್ಲ. ಬೈದೆ."

"ಬೈದ್ರಾ?"

"ಬೈದೆ ನೋಡ್ರಿ, ಬಾಯಿಗ್ಬಂದ್ಬಿಡ್ತು. ಆಮ್ಯಾಲ ತಪ್ಪಾತೇನೋ ಅನ್ನಿಸ್ತು, ಎಣ್ಣಿ ಬಟ್ಲ ತಗೊಂಡು ಹಿಂದ ಕುಂತೆ." ಕೊಟ್ರಮ್ಮ ಕೆಮ್ಮಿದಳು. "ಏನೂ ಮಾತಾಡ್ಲಿಲ್ಲ ಮೇಡಮ್ಮಾರೆ. ಆದ್ರ ಎದ್ದೂ ಹೋಗ್ಲಿಲ್ಲ."

ದಾಕ್ಷಾಯಣಮ್ಮ ಹುಡುಗಿಯ ಹಳೆಯ ಎಣ್ಣೆಯ ಮೆಸೇಜನ್ನು ಪರದೆಯ ಮೇಲೆ ತೆಗೆದಳು. ನಾಳೆ ಇದೇ ಹೊತ್ತಿಗೆ ಫೋನ್ ಮಾಡಿ ಅಂದಳು. ಆಸರೆಯ ಕಾಲಮ್ಮಿನಲ್ಲಿ ಮೂರು ಅಂತ ಬರೆದು, ಕಣ್ಣೊರೆಸಿಕೊಂಡು, ಮುಂದಿನ ಸಂಖ್ಯೆಗೆ ಫೋನ್ ಮಾಡಿದಳು.